ಹರ್ಮನ್ ಹೊಲೆರಿತ್

ಹರ್ಮನ್ ಹೊಲೆರಿತ್ (29 ಫೆಬ್ರವರಿ 1860 – 17 ನವೆಂಬರ್ 1929) ಅಮೆರಿಕ ಸಂಯುಕ್ತ ಸಂಸ್ಥಾನದ ಎಂಜಿನಿಯರ್, ಸಂಖ್ಯಾಶಾಸ್ತ್ರಜ್ಞ, ಆವಿಷ್ಕಾರಕ ಮತ್ತು ಉದ್ಯಮಿ. ರಂಧ್ರಗಳನ್ನು ಕೊರೆದ ಕಾಗದದ ಕಾರ್ಡುಗಳಲ್ಲಿ ಮಾಹಿತಿಯನ್ನು ದಾಖಲಿಸಿ, ಅದನ್ನು ವಿದ್ಯುತ್ತಿನ ನೆರವಿನಿಂದ ಎಣಿಸುವ ಮತ್ತು ವಿಂಗಡಿಸುವ ಯಂತ್ರವ್ಯವಸ್ಥೆಯನ್ನು ಇವರು ರೂಪಿಸಿದರು. 1890ರ ಅಮೆರಿಕದ ಜನಗಣತಿಯಲ್ಲಿ ಈ ವ್ಯವಸ್ಥೆ ಬಳಕೆಗೆ ಬಂದು, ಬೃಹತ್ ಪ್ರಮಾಣದ ದತ್ತಾಂಶವನ್ನು ಯಂತ್ರದ ಮೂಲಕ ಸಂಸ್ಕರಿಸುವ ಯುಗಕ್ಕೆ ನಾಂದಿಯಾಯಿತು. ಇವರು 1896ರಲ್ಲಿ ಸ್ಥಾಪಿಸಿದ ಟ್ಯಾಬ್ಯುಲೇಟಿಂಗ್ ಮಷೀನ್ ಕಂಪನಿಯು ಮುಂದೆ ಐಬಿಎಂ ಸಂಸ್ಥೆಯಾಗಿ ಬೆಳೆದ ಉದ್ಯಮದ ಮೂಲಘಟಕಗಳಲ್ಲಿ ಒಂದು. ಇಂದಿನ ಮಾಹಿತಿ ವ್ಯವಸ್ಥೆಗಳು ಹಾಗೂ ದತ್ತಾಂಶ ಗಣಿಗಾರಿಕೆಯ ಇತಿಹಾಸವನ್ನು ಸಾಮಾನ್ಯವಾಗಿ ಹೊಲೆರಿತ್ ಅವರ ಕಾರ್ಯದಿಂದ ಆರಂಭಿಸಲಾಗುತ್ತದೆ.

ಜನನ ಮತ್ತು ಬಾಲ್ಯ

ಹೊಲೆರಿತ್ ಅವರು ನ್ಯೂಯಾರ್ಕ್ ರಾಜ್ಯದ ಬಫಲೋ ನಗರದಲ್ಲಿ ಜನಿಸಿದರು. ತಂದೆತಾಯಿಗಳು ಜರ್ಮನಿಯಿಂದ ವಲಸೆ ಬಂದವರು. ಹರ್ಮನ್ ಇನ್ನೂ ಬಾಲಕರಾಗಿದ್ದಾಗಲೇ ತಂದೆ ತೀರಿಕೊಂಡರು. ಕುಟುಂಬದ ಹೊಣೆ ತಾಯಿಯ ಮೇಲೆ ಬಿದ್ದಿತು.

ಶಾಲೆಯಲ್ಲಿ ಅವರಿಗೆ ಇಂಗ್ಲಿಷ್ ಕಾಗುಣಿತ ಬಹಳ ಕಷ್ಟವಾಗುತ್ತಿತ್ತು. ಕಾಗುಣಿತದ ಪಾಠವನ್ನು ತಪ್ಪಿಸಿಕೊಳ್ಳಲು ಬಾಲಕನು ತರಗತಿಯ ಕಿಟಕಿಯಿಂದ ಹೊರಗೆ ಹಾರಿದ ಪ್ರಸಂಗವನ್ನು ಅವರ ಜೀವನಚರಿತ್ರೆಗಳು ಉಲ್ಲೇಖಿಸುತ್ತವೆ. ಆನಂತರ ಲೂಥರನ್ ಪಂಥದ ಪಾದ್ರಿಯೊಬ್ಬರು ಅವರಿಗೆ ಖಾಸಗಿಯಾಗಿ ಪಾಠ ಹೇಳಿದರು. 1875ರಲ್ಲಿ ನ್ಯೂಯಾರ್ಕಿನ ಸಿಟಿ ಕಾಲೇಜನ್ನು ಸೇರಿದ ಅವರು, ಅಲ್ಲಿಂದ ಕೊಲಂಬಿಯಾ ಕಾಲೇಜಿನ ಗಣಿಶಾಸ್ತ್ರ ವಿದ್ಯಾಲಯಕ್ಕೆ ತೆರಳಿ, 1879ರಲ್ಲಿ ತಮ್ಮ 19ನೆಯ ವಯಸ್ಸಿನಲ್ಲಿ ಗಣಿ ಎಂಜಿನಿಯರ್ ಪದವಿಯನ್ನು ಪಡೆದರು.

ಜನಗಣತಿ ಕಚೇರಿಯಲ್ಲಿ

ಕೊಲಂಬಿಯಾದಲ್ಲಿ ಅವರ ಗುರುಗಳಾಗಿದ್ದ ವಿಲಿಯಂ ಟ್ರೋಬ್ರಿಜ್ ಅವರಿಗೆ 1880ರ ಜನಗಣತಿಯಲ್ಲಿ ಕೈಗಾರಿಕೆಗಳಿಗೆ ಸಂಬಂಧಿಸಿದ ಜವಾಬ್ದಾರಿ ದೊರೆತಿತ್ತು. ಅವರು ತಮ್ಮ ಶಿಷ್ಯನನ್ನು ವಾಷಿಂಗ್ಟನ್ನಿಗೆ ಕರೆದೊಯ್ದರು. ಕೈಗಾರಿಕೆಗಳಲ್ಲಿ ಬಳಕೆಯಾಗುತ್ತಿದ್ದ ಉಗಿಶಕ್ತಿ ಮತ್ತು ಜಲಶಕ್ತಿಯ ಅಂಕಿಅಂಶಗಳ ವರದಿಯು ಹೊಲೆರಿತ್ ಅವರ ಕೆಲಸವಾಗಿತ್ತು.

ಅಮೆರಿಕದ ಸಂವಿಧಾನದ ಪ್ರಕಾರ ಪ್ರತಿ 10 ವರ್ಷಕ್ಕೊಮ್ಮೆ ಜನಗಣತಿ ನಡೆಯಬೇಕು. ಪ್ರತಿನಿಧಿ ಸಭೆಯಲ್ಲಿ ಪ್ರತಿಯೊಂದು ರಾಜ್ಯಕ್ಕೆ ಎಷ್ಟು ಸ್ಥಾನ ಎಂಬುದು ಈ ಎಣಿಕೆಯಿಂದ ನಿರ್ಧಾರವಾಗುತ್ತದೆ. 1880ರಲ್ಲಿ ದೇಶದ ಜನಸಂಖ್ಯೆ 5 ಕೋಟಿಯನ್ನು ದಾಟಿತ್ತು. ವಯಸ್ಸು, ಲಿಂಗ, ಉದ್ಯೋಗ, ಜನ್ಮಸ್ಥಳ, ಸಾಕ್ಷರತೆ ಮೊದಲಾದ ವಿವರಗಳನ್ನು ಗುಮಾಸ್ತರು ಹಾಳೆಗಳ ಮೇಲೆ ಗೀಟು ಎಳೆಯುತ್ತ ಕೈಯಿಂದಲೇ ಎಣಿಸುತ್ತಿದ್ದರು. ಚಾರ್ಲ್ಸ್ ಸೀಟನ್ ರೂಪಿಸಿದ್ದ ಉರುಳೆಗಳ ಪೆಟ್ಟಿಗೆಯೊಂದು ಹಾಳೆಯ ಬೇರೆಬೇರೆ ಅಂಕಣಗಳನ್ನು ಹತ್ತಿರಕ್ಕೆ ತಂದು ಗುಮಾಸ್ತನ ಶ್ರಮವನ್ನು ಸ್ವಲ್ಪ ಕಡಿಮೆ ಮಾಡುತ್ತಿತ್ತಾದರೂ ಎಣಿಕೆಯು ಮಾನವಶ್ರಮವಾಗಿಯೇ ಉಳಿದಿತ್ತು. 1880ರ ಗಣತಿಯ ಸಂಪೂರ್ಣ ವರದಿಗಳು ಹೊರಬರುವ ಹೊತ್ತಿಗೆ ದಶಕದ ಬಹುಭಾಗ ಕಳೆದುಹೋಗಿತ್ತು. ಜನಸಂಖ್ಯೆ ಇದೇ ವೇಗದಲ್ಲಿ ಬೆಳೆದರೆ, ಒಂದು ಗಣತಿಯ ಫಲಿತಾಂಶ ಸಿದ್ಧವಾಗುವ ಮುನ್ನವೇ ಮುಂದಿನ ಗಣತಿ ಬಂದೊದಗುವ ಸಂಭವವಿತ್ತು.

ಜೀವನಾಂಕಿಗಳ, ಅಂದರೆ ಜನನ ಮರಣಗಳ ಅಂಕಿಅಂಶದ ವಿಭಾಗದ ಮುಖ್ಯಸ್ಥರಾಗಿದ್ದ ವೈದ್ಯ ಜಾನ್ ಶಾ ಬಿಲ್ಲಿಂಗ್ಸ್ ಅವರು, ಕೋಷ್ಟಕ ತಯಾರಿಸುವ ಯಾಂತ್ರಿಕ ಕೆಲಸಕ್ಕೆ ಒಂದು ಯಂತ್ರವಿರಬೇಕೆಂಬ ಅಭಿಪ್ರಾಯವನ್ನು ಹೊಲೆರಿತ್ ಅವರೊಡನೆ ಹಂಚಿಕೊಂಡರು. ವ್ಯಕ್ತಿಯ ವಿವರಗಳನ್ನು ಕಾರ್ಡಿನ ಅಂಚಿನಲ್ಲಿ ಗುರುತಿಸುವ ಸಾಧ್ಯತೆಯೂ ಆ ಸಂಭಾಷಣೆಯಲ್ಲಿ ಪ್ರಸ್ತಾಪವಾಗಿತ್ತು. ಹೊಲೆರಿತ್ ಅವರು ಮುಂದೆ ಪಾಲುದಾರರಾಗುವಂತೆ ಕೇಳಿಕೊಂಡಾಗ ಬಿಲ್ಲಿಂಗ್ಸ್ ಆಸಕ್ತಿ ತೋರಲಿಲ್ಲ. ಸಮಸ್ಯೆಗೆ ಪರಿಹಾರ ದೊರೆತರೆ ಸಾಕೆಂಬುದು ಅವರ ನಿಲುವಾಗಿತ್ತು. ಮೂಲ ಕಲ್ಪನೆಯಲ್ಲಿ ಬಿಲ್ಲಿಂಗ್ಸ್ ಅವರ ಪಾಲು ಎಷ್ಟು ಎಂಬ ಚರ್ಚೆ ಆನಂತರವೂ ಮುಂದುವರಿಯಿತು. ಬಿಲ್ಲಿಂಗ್ಸ್ ಅವರಿಂದ ಸೂಚನೆ ದೊರೆತದ್ದನ್ನು ಹೊಲೆರಿತ್ ಒಪ್ಪಿಕೊಂಡಿದ್ದರು.

ಪ್ರಯೋಗದ ವರ್ಷಗಳು

1880ರ ಗಣತಿಯ ಅಧೀಕ್ಷಕರಾಗಿದ್ದ ಫ್ರಾನ್ಸಿಸ್ ವಾಕರ್ ಅವರು ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಅಧ್ಯಕ್ಷರಾದಾಗ, 1882ರಲ್ಲಿ ಹೊಲೆರಿತ್ ಅವರನ್ನು ಯಂತ್ರಶಾಸ್ತ್ರದ ಬೋಧಕರಾಗಿ ಕರೆಸಿಕೊಂಡರು. ಬೋಧನೆ ಅವರಿಗೆ ಒಗ್ಗಲಿಲ್ಲ. ವರ್ಷದೊಳಗೆ ಅದನ್ನು ಬಿಟ್ಟು ರೈಲುಗಾಡಿಗಳ ವಿದ್ಯುತ್ ಬ್ರೇಕಿನ ಪ್ರಯೋಗದಲ್ಲಿ ತೊಡಗಿದರು. ಸ್ವಲ್ಪ ಕಾಲ ವಾಷಿಂಗ್ಟನ್ನಿನ ಪೇಟೆಂಟ್ ಕಚೇರಿಯಲ್ಲಿಯೂ ಕೆಲಸ ಮಾಡಿದರು. ಪೇಟೆಂಟ್ ಕಾನೂನಿನ ಈ ಪರಿಚಯ ಅವರ ಮುಂದಿನ ಜೀವನದುದ್ದಕ್ಕೂ ನೆರವಾಯಿತು.

1884ರಲ್ಲಿ ಅವರು ಮೊದಲ ಪೇಟೆಂಟ್ ಅರ್ಜಿಯನ್ನು ಸಲ್ಲಿಸಿದರು. ಆಗ ಅವರ ಕಲ್ಪನೆಯಲ್ಲಿದ್ದುದು ರಂಧ್ರಗಳನ್ನು ಕೊರೆದ ಉದ್ದನೆಯ ಕಾಗದದ ಪಟ್ಟಿ. ಪಟ್ಟಿಯ ಕೊರತೆ ಬೇಗನೆ ಸ್ಪಷ್ಟವಾಯಿತು: ಅದರಲ್ಲಿ ನಿರ್ದಿಷ್ಟ ಗುಂಪಿನ ಜನರನ್ನು ಹುಡುಕಬೇಕಾದರೆ ಇಡೀ ಪಟ್ಟಿಯನ್ನು ಮೊದಲಿನಿಂದ ಕೊನೆಯವರೆಗೆ ಓಡಿಸಬೇಕಾಗುತ್ತಿತ್ತು, ದಾಖಲೆಗಳ ಕ್ರಮವನ್ನು ಬದಲಿಸಲು ಸಾಧ್ಯವಿರಲಿಲ್ಲ. ಒಬ್ಬ ವ್ಯಕ್ತಿಗೆ ಒಂದು ಕಾರ್ಡು ಎಂಬ ಪರಿಹಾರವನ್ನು ಅವರು ಇಲ್ಲಿಂದ ಕಂಡುಕೊಂಡರು. ಕಾರ್ಡುಗಳನ್ನು ಬೇಕಾದಂತೆ ವಿಂಗಡಿಸಬಹುದು, ಮತ್ತೆ ಜೋಡಿಸಬಹುದು, ತಪ್ಪಾದದ್ದನ್ನು ಮಾತ್ರ ತೆಗೆದುಹಾಕಬಹುದು. ನೇಯ್ಗೆಯ ವಿನ್ಯಾಸಕ್ಕಾಗಿ ರಂಧ್ರಕಾರ್ಡುಗಳನ್ನು ಬಳಸುತ್ತಿದ್ದ ಫ್ರಾನ್ಸಿನ ಜಕಾರ್ಡ್ ಮಗ್ಗ ಆ ವೇಳೆಗೆ ಹಳೆಯದಾಗಿತ್ತು. ಆದರೆ ರೈಲು ಪ್ರಯಾಣದಲ್ಲಿ ಕಂಡ ಒಂದು ಪದ್ಧತಿಯೇ ತಮಗೆ ಹೊಳಹು ನೀಡಿತೆಂದು ಹೊಲೆರಿತ್ ತಿಳಿಸಿದ್ದರು. ಒಬ್ಬರ ಟಿಕೆಟನ್ನು ಮತ್ತೊಬ್ಬರು ಬಳಸದಂತೆ ಅಂದಿನ ಕಂಡಕ್ಟರುಗಳು ಪ್ರಯಾಣಿಕನ ಕೂದಲು, ಕಣ್ಣು, ಮೂಗು ಮೊದಲಾದವುಗಳ ಲಕ್ಷಣವನ್ನು ಟಿಕೆಟಿನ ನಿಗದಿತ ಜಾಗಗಳಲ್ಲಿ ರಂಧ್ರ ಮಾಡಿ ಗುರುತಿಸುತ್ತಿದ್ದರು.

ಬಾಲ್ಟಿಮೋರ್ ನಗರದ ಮರಣ ದಾಖಲೆಗಳ ಮೇಲೆ ಈ ವ್ಯವಸ್ಥೆಯ ಮೊದಲ ಪರೀಕ್ಷೆ ನಡೆಯಿತು. ಕಂಡಕ್ಟರ್ ಬಳಸುವಂಥ ಕೈಪಂಚಿನಿಂದ ಹೊಲೆರಿತ್ ಅವರೇ ದಿನವಿಡೀ ಕಾರ್ಡುಗಳ ಅಂಚಿನಲ್ಲಿ ರಂಧ್ರ ಕೊರೆದರು. ಕೈ ವಿಪರೀತ ನೋಯುತ್ತಿದ್ದುದರಿಂದ ಮತ್ತು ಅಂಚನ್ನು ಬಿಟ್ಟು ಕಾರ್ಡಿನ ಒಳಭಾಗವನ್ನು ಬಳಸಲಾಗದಿದ್ದುದರಿಂದ, ಸನ್ನೆಯ ತತ್ತ್ವದ ಪ್ಯಾಂಟೋಗ್ರಾಫ್ ಪಂಚನ್ನು ಅವರು ರೂಪಿಸಿದರು. ನ್ಯೂಜೆರ್ಸಿ ಮತ್ತು ನ್ಯೂಯಾರ್ಕ್ ನಗರದ ಆರೋಗ್ಯಾಧಿಕಾರಿಗಳೂ ಸೈನ್ಯದ ವೈದ್ಯಕೀಯ ಇಲಾಖೆಯೂ ಜನಗಣತಿಗೆ ಮುನ್ನವೇ ಈ ವ್ಯವಸ್ಥೆಯನ್ನು ಬಳಸಿದವು. 1889ರ ಜನವರಿ 8ರಂದು ಅವರಿಗೆ 3 ಮೂಲ ಪೇಟೆಂಟುಗಳು ದೊರೆತವು.

ಯಂತ್ರದ ಕಾರ್ಯವಿಧಾನ

1890ರ ವ್ಯವಸ್ಥೆಯಲ್ಲಿ ಪಂಚ್, ಎಣಿಕೆಯಂತ್ರ ಮತ್ತು ವಿಂಗಡಣೆಯ ಪೆಟ್ಟಿಗೆ ಎಂಬ ಮೂರು ಮುಖ್ಯ ಭಾಗಗಳಿದ್ದವು.

ಕಾರ್ಡಿನಲ್ಲಿ 24 ಕಂಬಸಾಲುಗಳೂ 12 ಅಡ್ಡಸಾಲುಗಳೂ ಸೇರಿ 288 ಸ್ಥಾನಗಳಿದ್ದವು. ಯಾವ ಸ್ಥಾನದಲ್ಲಿ ರಂಧ್ರವಿದೆ ಎಂಬುದೇ ಮಾಹಿತಿಯಾಗಿತ್ತು: ಒಂದು ಸ್ಥಾನ ಪುರುಷ ಎಂಬುದನ್ನು ಸೂಚಿಸಿದರೆ ಇನ್ನೊಂದು ಸ್ತ್ರೀ ಎಂಬುದನ್ನು, ಮತ್ತೊಂದು ವಯಸ್ಸಿನ ಗುಂಪನ್ನು ಸೂಚಿಸುತ್ತಿತ್ತು. ಪಂಚಿನ ಮುಂದೆ ಕುಳಿತ ಗುಮಾಸ್ತರು ಗಣತಿಯ ಹಾಳೆಯನ್ನು ನೋಡುತ್ತ, ಫಲಕದ ಮೇಲಿನ ಗುರುತಿಗೆ ಸನ್ನೆಯ ತುದಿಯನ್ನು ಒತ್ತಿದರೆ ಕಾರ್ಡಿನ ಅದೇ ಸ್ಥಾನದಲ್ಲಿ ರಂಧ್ರವಾಗುತ್ತಿತ್ತು. ಈ ಕೆಲಸದಲ್ಲಿ ಮಹಿಳೆಯರು ಹೆಚ್ಚಿನ ಸಂಖ್ಯೆಯಲ್ಲಿ ನೇಮಕಗೊಂಡಿದ್ದರು.

ಎಣಿಕೆಯ ಯಂತ್ರದಲ್ಲಿ ಕಾರ್ಡನ್ನು ಗಟ್ಟಿ ಹಲಗೆಯ ಮೇಲಿಟ್ಟು ಹಿಡಿಯನ್ನು ಕೆಳಗೆಳೆಯಬೇಕಿತ್ತು. ಸ್ಪ್ರಿಂಗ್ ಜೋಡಿಸಿದ ಸೂಜಿಗಳ ಸಾಲು ಆಗ ಕಾರ್ಡಿನ ಮೇಲೆ ಇಳಿಯುತ್ತಿತ್ತು. ರಂಧ್ರವಿಲ್ಲದ ಕಡೆ ಸೂಜಿ ಹಿಂದೆ ಸರಿಯುತ್ತಿತ್ತು. ರಂಧ್ರವಿದ್ದ ಕಡೆ ಅದು ಹಾದುಹೋಗಿ ಕೆಳಗಿನ ಸಣ್ಣ ಬಟ್ಟಲಿನಲ್ಲಿದ್ದ ಪಾದರಸವನ್ನು ಮುಟ್ಟುತ್ತಿತ್ತು. ಇದರಿಂದ ವಿದ್ಯುನ್ಮಂಡಲ ಪೂರ್ಣಗೊಂಡು, ವಿದ್ಯುತ್ಕಾಂತವು ಎದುರಿನ ಮುಖಫಲಕದ ಮುಳ್ಳನ್ನು ಒಂದು ಅಂಕೆಯಷ್ಟು ಮುಂದಕ್ಕೆ ಸರಿಸುತ್ತಿತ್ತು. ಯಂತ್ರದಲ್ಲಿ ಇಂತಹ 40 ಮುಖಫಲಕಗಳಿದ್ದು, ಪ್ರತಿಯೊಂದೂ 9,999ರವರೆಗೆ ಎಣಿಸಬಲ್ಲುದಾಗಿತ್ತು. ಅದೇ ಕ್ಷಣದಲ್ಲಿ ವಿಂಗಡಣೆಯ ಪೆಟ್ಟಿಗೆಯ ಒಂದು ಖಾನೆಯ ಮುಚ್ಚಳ ತೆರೆದುಕೊಳ್ಳುತ್ತಿತ್ತು. ಕಾರ್ಡನ್ನು ಆ ಖಾನೆಗೆ ಹಾಕಿ ಮುಚ್ಚಿದರೆ ಮುಂದಿನ ಕಾರ್ಡಿಗೆ ಯಂತ್ರ ಸಿದ್ಧವಾಗುತ್ತಿತ್ತು.

ಈ ವಿನ್ಯಾಸದ ಎರಡು ಅಂಶಗಳು ಗಮನಾರ್ಹ. ಮೊದಲನೆಯದು ದೋಷಪತ್ತೆ. ಕಾರ್ಡು ಸರಿಯಾಗಿ ಓದಲ್ಪಟ್ಟಾಗ ಗಂಟೆಯೊಂದು ಬಾರಿಸುತ್ತಿತ್ತು. ಅಗತ್ಯವಾದ ವಿವರವೊಂದರ ರಂಧ್ರ ಇಲ್ಲದಿದ್ದರೆ ಗಂಟೆ ಬಾರಿಸುತ್ತಿರಲಿಲ್ಲ. ಅಂಥ ಕಾರ್ಡನ್ನು ಬದಿಗಿಟ್ಟು ಮೂಲ ಹಾಳೆಯೊಡನೆ ಹೋಲಿಸಲಾಗುತ್ತಿತ್ತು. ಎರಡನೆಯದು ಸಂಯೋಜಿತ ಎಣಿಕೆ. ರಿಲೇಗಳ ಮೂಲಕ ಹಲವು ವಿದ್ಯುನ್ಮಂಡಲಗಳನ್ನು ಜೋಡಿಸಿ, ಒಂದಕ್ಕಿಂತ ಹೆಚ್ಚು ಲಕ್ಷಣಗಳು ಒಟ್ಟಾಗಿರುವ ವ್ಯಕ್ತಿಗಳನ್ನು ಮಾತ್ರ ಎಣಿಸಬಹುದಾಗಿತ್ತು. ವಿದೇಶದಲ್ಲಿ ಹುಟ್ಟಿದ, ನಿರ್ದಿಷ್ಟ ವಯಸ್ಸಿನ, ನಿರ್ದಿಷ್ಟ ಉದ್ಯೋಗದ ಪುರುಷರು ಎಷ್ಟು ಮಂದಿ ಎಂಬಂಥ ಪ್ರಶ್ನೆಯನ್ನು ಕೈಎಣಿಕೆಯಲ್ಲಿ ಕೇಳುವುದೇ ದುಬಾರಿಯಾಗಿತ್ತು. ಹೊಲೆರಿತ್ ಯಂತ್ರದಲ್ಲಿ ಅದು ತಂತಿಗಳ ಜೋಡಣೆಯನ್ನು ಬದಲಿಸುವ ಕೆಲಸವಾಯಿತು. ಒಮ್ಮೆ ದಾಖಲಿಸಿದ ದತ್ತಾಂಶದಿಂದ ಹೊಸ ಹೊಸ ಸಂಬಂಧಗಳನ್ನು ಹೊರತೆಗೆಯುವ ಇಂದಿನ ವಿಧಾನಗಳ ಆರಂಭದ ರೂಪವನ್ನು ಇಲ್ಲಿ ಕಾಣಬಹುದು.

1890ರ ಜನಗಣತಿ

1890ರ ಗಣತಿಗೆ ಯಾವ ವಿಧಾನವನ್ನು ಆರಿಸಬೇಕೆಂದು ನಿರ್ಧರಿಸಲು 1889ರಲ್ಲಿ ಸ್ಪರ್ಧೆಯೊಂದನ್ನು ಏರ್ಪಡಿಸಲಾಯಿತು. ಹೊಲೆರಿತ್ ಅವರೊಡನೆ ಚಾರ್ಲ್ಸ್ ಪಿಡ್ಜಿನ್ ಮತ್ತು ವಿಲಿಯಂ ಹಂಟ್ ಸ್ಪರ್ಧಿಸಿದರು. ಇವರಿಬ್ಬರ ವಿಧಾನಗಳೂ ಬಣ್ಣಗಳಿಂದ ಗುರುತಿಸಿದ ಚೀಟಿಗಳನ್ನು ಕೈಯಿಂದ ವಿಂಗಡಿಸುವುದನ್ನು ಆಧರಿಸಿದ್ದವು. ಸೇಂಟ್ ಲೂಯಿಸ್ ನಗರದ ಸುಮಾರು 10 ಸಾವಿರ ಜನರ ಹಳೆಯ ದಾಖಲೆಗಳನ್ನು ಪರೀಕ್ಷೆಗೆ ಒದಗಿಸಲಾಗಿತ್ತು. ಮಾಹಿತಿಯನ್ನು ಕಾರ್ಡಿಗೆ ಇಳಿಸುವ ಹಂತದಲ್ಲಿಯೇ ಹೊಲೆರಿತ್ ಅವರ ವಿಧಾನ ಮುಂದಿತ್ತು. ಕೋಷ್ಟಕ ತಯಾರಿಕೆಯಲ್ಲಿ ಅಂತರ ಇನ್ನೂ ಹೆಚ್ಚಾಯಿತು: ಪಿಡ್ಜಿನ್ ಅವರಿಗೆ ಸುಮಾರು 44 ಗಂಟೆ, ಹಂಟ್ ಅವರಿಗೆ ಸುಮಾರು 55 ಗಂಟೆ ಹಿಡಿದ ಕೆಲಸವನ್ನು ಹೊಲೆರಿತ್ ಯಂತ್ರ ಸುಮಾರು ಐದೂವರೆ ಗಂಟೆಯಲ್ಲಿ ಮುಗಿಸಿತು.

ಅಧೀಕ್ಷಕ ರಾಬರ್ಟ್ ಪೋರ್ಟರ್ ಅವರು ಯಂತ್ರಗಳನ್ನು ಬಾಡಿಗೆಗೆ ಪಡೆದರು. ಯಂತ್ರವೊಂದಕ್ಕೆ ವರ್ಷಕ್ಕೆ 1,000 ಡಾಲರ್ ಬಾಡಿಗೆ. ದೇಶದ ಒಟ್ಟು ಜನಸಂಖ್ಯೆಯ ಎಣಿಕೆ ಅದೇ ವರ್ಷ ಪೂರ್ಣಗೊಂಡು, ಸುಮಾರು 6 ಕೋಟಿ 26 ಲಕ್ಷ ಎಂದು ಪ್ರಕಟವಾಯಿತು. ಇದಕ್ಕಿಂತ ದೊಡ್ಡ ಸಂಖ್ಯೆಯನ್ನು ನಿರೀಕ್ಷಿಸಿದ್ದ ಸಾರ್ವಜನಿಕರಿಗೆ ನಿರಾಶೆಯಾಯಿತು. ಕೆಲವು ಪತ್ರಿಕೆಗಳು ಯಂತ್ರವನ್ನೇ ದೂಷಿಸಿದವು. ಆದರೆ ಮನೆಮನೆಯ ಹಾಳೆಗಳಲ್ಲಿ ಬಿಟ್ಟುಹೋದವರನ್ನು ಯಾವ ಯಂತ್ರವೂ ಎಣಿಸಲಾರದು ಎಂಬುದನ್ನು ಈ ಟೀಕೆ ಗಮನಿಸಿರಲಿಲ್ಲ.

ಯಂತ್ರದಿಂದ ಗಣತಿ ಅಗ್ಗವಾಯಿತು ಎಂಬ ಸಾಮಾನ್ಯ ಗ್ರಹಿಕೆ ಪೂರ್ಣ ಸರಿಯಲ್ಲ. ಕೈಎಣಿಕೆಗೆ ಹೋಲಿಸಿದರೆ ಉಳಿತಾಯ ದೊಡ್ಡದಾಗಿದ್ದರೂ, ಗಣತಿಯ ಒಟ್ಟು ವೆಚ್ಚ 1880ರದಕ್ಕಿಂತ ಸುಮಾರು ಇಮ್ಮಡಿಯಾಗಿತ್ತು. ಹೆಚ್ಚು ಪ್ರಶ್ನೆಗಳನ್ನು ಕೇಳಲು, ಹೆಚ್ಚು ವಿವರವಾದ ಕೋಷ್ಟಕಗಳನ್ನು ತಯಾರಿಸಲು ಯಂತ್ರ ಅವಕಾಶ ನೀಡಿದ್ದು ಇದಕ್ಕೆ ಒಂದು ಕಾರಣ. ಒಟ್ಟು ಸಂಖ್ಯೆ ಬೇಗನೆ ದೊರೆತರೂ ಅಂತಿಮ ಸಂಪುಟಗಳು ಹೊರಬರಲು ಹಲವು ವರ್ಷಗಳು ಬೇಕಾದವು. ಕಚೇರಿಯ ದಿನಚರಿಯೂ ಸದಾ ಸುಗಮವಾಗಿರಲಿಲ್ಲ. ಸ್ವಲ್ಪ ಬಿಡುವು ಬೇಕಾದ ನೌಕರರು ಬಟ್ಟಲಿನ ಪಾದರಸವನ್ನು ಹೀರಿ ತೆಗೆದು ಯಂತ್ರವನ್ನು ನಿಲ್ಲಿಸುತ್ತಿದ್ದ ಪ್ರಸಂಗವು ಅಂದಿನ ಗಣತಿ ನೌಕರರೊಬ್ಬರ ನೆನಪುಗಳಲ್ಲಿ ಉಳಿದಿದೆ.

1890ರ ಗಣತಿಯ ಮೂಲ ಹಾಳೆಗಳ ಬಹುಭಾಗ 1921ರ ಜನವರಿಯಲ್ಲಿ ವಾಷಿಂಗ್ಟನ್ನಿನ ವಾಣಿಜ್ಯ ಇಲಾಖೆಯ ಕಟ್ಟಡದಲ್ಲಿ ಸಂಭವಿಸಿದ ಬೆಂಕಿ ಅನಾಹುತದಲ್ಲಿ ಹಾಳಾಯಿತು. ಉಳಿದವುಗಳಲ್ಲಿ ಹೆಚ್ಚಿನವನ್ನು ಮುಂದೆ ನಾಶಗೊಳಿಸಲಾಯಿತು. ಹೀಗಾಗಿ ಆ ಗಣತಿಯ ಜನರ ಬಗ್ಗೆ ಇಂದು ಲಭ್ಯವಿರುವುದು ಮುಖ್ಯವಾಗಿ ಹೊಲೆರಿತ್ ಯಂತ್ರಗಳು ಎಣಿಸಿಕೊಟ್ಟ ಕೋಷ್ಟಕಗಳು ಮಾತ್ರ.

1890ರಲ್ಲಿಯೇ ಕೊಲಂಬಿಯಾ ಕಾಲೇಜು ಈ ವ್ಯವಸ್ಥೆಯ ಕುರಿತ ಬರಹಕ್ಕಾಗಿ ಹೊಲೆರಿತ್ ಅವರಿಗೆ ಡಾಕ್ಟರೇಟ್ ಪದವಿಯನ್ನು, ಫಿಲಡೆಲ್ಫಿಯಾದ ಫ್ರಾಂಕ್ಲಿನ್ ಸಂಸ್ಥೆಯು ಎಲಿಯಟ್ ಕ್ರೆಸನ್ ಪದಕವನ್ನು ನೀಡಿದವು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಅವರು ಲೂಸಿಯಾ ಟಾಲ್ಕಟ್ ಅವರನ್ನು ವಿವಾಹವಾದರು. ದಂಪತಿಗಳಿಗೆ 6 ಮಂದಿ ಮಕ್ಕಳು.

ಉದ್ಯಮ

ಆಸ್ಟ್ರಿಯ, ಕೆನಡ ಮತ್ತು ನಾರ್ವೆ ದೇಶಗಳು ತಮ್ಮ ಗಣತಿಗಳಲ್ಲಿ ಹೊಲೆರಿತ್ ಯಂತ್ರವನ್ನು ಬಳಸಿದವು. ಆದರೆ 10 ವರ್ಷಕ್ಕೊಮ್ಮೆ ಮಾತ್ರ ಬರುವ ಕೆಲಸವನ್ನು ನಂಬಿ ಉದ್ಯಮವನ್ನು ನಡೆಸುವುದು ಸಾಧ್ಯವಿರಲಿಲ್ಲ. ಗಣತಿ ಮುಗಿದೊಡನೆ ಯಂತ್ರಗಳು ಬಾಡಿಗೆಯಿಲ್ಲದೆ ಹಿಂದಿರುಗುತ್ತಿದ್ದವು. ಆದ್ದರಿಂದ ಅವರು ವಾಣಿಜ್ಯ ಸಂಸ್ಥೆಗಳ ಕಡೆಗೆ ತಿರುಗಿದರು. ನ್ಯೂಯಾರ್ಕ್ ಸೆಂಟ್ರಲ್ ರೈಲ್ವೆಯು ಪ್ರತಿವರ್ಷ ಲಕ್ಷಾಂತರ ಸರಕು ಸಾಗಣೆ ಪತ್ರಗಳ ಲೆಕ್ಕವನ್ನು ಇಡಬೇಕಾಗಿತ್ತು. ಅಲ್ಲಿ ತಲೆಗಳನ್ನು ಎಣಿಸಿದರೆ ಸಾಲದು, ತೂಕ ಮತ್ತು ಹಣದ ಮೊತ್ತಗಳನ್ನು ಕೂಡಬೇಕಿತ್ತು. ಇದಕ್ಕಾಗಿ ಅವರು ಮೊತ್ತಗಳನ್ನು ಕೂಡುವ ಹೊಸ ಯಂತ್ರವನ್ನು ರೂಪಿಸಿದರು. ರೈಲ್ವೆಯ ಒಪ್ಪಂದ ಮತ್ತು ಸುಮಾರು 12.5 ಕೋಟಿ ಜನರನ್ನು ಎಣಿಸಬೇಕಾಗಿದ್ದ ರಷ್ಯಾದ 1897ರ ಗಣತಿಯ ಒಪ್ಪಂದಗಳ ಹಿನ್ನೆಲೆಯಲ್ಲಿ 1896ರ ಡಿಸೆಂಬರಿನಲ್ಲಿ ಟ್ಯಾಬ್ಯುಲೇಟಿಂಗ್ ಮಷೀನ್ ಕಂಪನಿ ಸ್ಥಾಪನೆಯಾಯಿತು.

ಯಂತ್ರಗಳನ್ನು ಮಾರದೆ ಬಾಡಿಗೆಗೆ ಮಾತ್ರ ಕೊಡುವುದು, ಅವುಗಳಲ್ಲಿ ಬಳಸುವ ಕಾರ್ಡುಗಳನ್ನು ತಾವೇ ಮಾರುವುದು ಹೊಲೆರಿತ್ ಅವರ ವ್ಯವಹಾರ ಕ್ರಮವಾಗಿತ್ತು. ಐಬಿಎಂ ಈ ಕ್ರಮವನ್ನು ಹಲವು ದಶಕಗಳ ಕಾಲ ಮುಂದುವರಿಸಿತು. ಕಾರ್ಡುಗಳು ತಾವಾಗಿ ಸಾಗುವ ವ್ಯವಸ್ಥೆ, ಸ್ವಯಂಚಾಲಿತ ವಿಂಗಡಣೆಯ ಯಂತ್ರ, ಕೀಲಿಗಳ ಪಂಚ್, ತಂತಿಗಳನ್ನು ಬದಲಿಸಿ ಬೇರೆಬೇರೆ ಕೆಲಸಗಳಿಗೆ ಒಗ್ಗಿಸಬಹುದಾದ ಜೋಡಣಾಫಲಕ ಇವು 20ನೆಯ ಶತಮಾನದ ಮೊದಲ ದಶಕದಲ್ಲಿ ರೂಪುಗೊಂಡವು. ಬ್ರಿಟನ್ನಿನಲ್ಲಿ ಬ್ರಿಟಿಷ್ ಟ್ಯಾಬ್ಯುಲೇಟಿಂಗ್ ಮಷೀನ್ ಕಂಪನಿಯೂ ಜರ್ಮನಿಯಲ್ಲಿ 1910ರಲ್ಲಿ ಡೆಹೊಮಾಗ್ ಎಂಬ ಸಂಸ್ಥೆಯೂ ಅವರ ಪೇಟೆಂಟುಗಳ ಪರವಾನಗಿಯಡಿ ಕೆಲಸ ಆರಂಭಿಸಿದವು.

ಗಣತಿ ಕಚೇರಿಯೊಡನೆ ವಿವಾದ

1900ರ ಗಣತಿಯಲ್ಲಿಯೂ ಹೊಲೆರಿತ್ ಯಂತ್ರಗಳೇ ಬಳಕೆಯಾದವು. 1902ರಲ್ಲಿ ಗಣತಿ ಕಚೇರಿಯು ಶಾಶ್ವತ ಸಂಸ್ಥೆಯಾಯಿತು. ಅದರ ನಿರ್ದೇಶಕರಾಗಿ ಬಂದ ಸೈಮನ್ ನಾರ್ತ್ ಅವರು ಬಾಡಿಗೆಯ ದರ ವಿಪರೀತವೆಂದು ಆಕ್ಷೇಪಿಸಿದರು. ಸರ್ಕಾರದ ಅತ್ಯಗತ್ಯ ಕೆಲಸವೊಂದು ಒಬ್ಬ ವ್ಯಕ್ತಿಯ ಪೇಟೆಂಟಿಗೆ ಅಧೀನವಾಗಿರಬಾರದು ಎಂಬುದು ಕಚೇರಿಯ ವಾದವಾಗಿತ್ತು. ವರ್ಷಗಟ್ಟಲೆ ಸ್ವಂತ ಶ್ರಮದಿಂದ ರೂಪಿಸಿದ ಯಂತ್ರಕ್ಕೆ ನ್ಯಾಯವಾದ ಬೆಲೆಯನ್ನೇ ಕೇಳುತ್ತಿದ್ದೇನೆಂಬುದು ಹೊಲೆರಿತ್ ಅವರ ನಿಲುವು. ಇಬ್ಬರೂ ಮಣಿಯಲಿಲ್ಲ. 1905ರಲ್ಲಿ ಯಂತ್ರಗಳು ಗಣತಿ ಕಚೇರಿಯಿಂದ ಹೊರಬಿದ್ದವು.

ಕಚೇರಿಯು ಸರ್ಕಾರದ ಹಣದಿಂದ ತನ್ನದೇ ಯಂತ್ರಗಳ ನಿರ್ಮಾಣಕ್ಕೆ ತೊಡಗಿತು. 1906ರಲ್ಲಿ ಹೊಲೆರಿತ್ ಅವರ ಮೂಲ ಪೇಟೆಂಟುಗಳ ಅವಧಿ ಮುಗಿದದ್ದು ಇದಕ್ಕೆ ಅನುಕೂಲವಾಯಿತು. ಈ ಕೆಲಸಕ್ಕೆ ನೇಮಕಗೊಂಡ ಜೇಮ್ಸ್ ಪವರ್ಸ್ ಅವರು 1910ರ ಗಣತಿಯ ಯಂತ್ರಗಳನ್ನು ರೂಪಿಸಿ, ಬಳಿಕ ಸ್ವಂತ ಕಂಪನಿಯನ್ನು ಕಟ್ಟಿ ಪ್ರತಿಸ್ಪರ್ಧಿಯಾದರು. ತಮ್ಮ ಹಕ್ಕುಗಳ ಉಲ್ಲಂಘನೆಯಾಗಿದೆಯೆಂದು ಹೊಲೆರಿತ್ ಅವರು ನ್ಯಾಯಾಲಯದ ಮೊರೆಹೊಕ್ಕರೂ 1910ರ ಗಣತಿಯನ್ನು ತಡೆಯಲಾಗಲಿಲ್ಲ. ಸಾರ್ವಜನಿಕ ದತ್ತಾಂಶವನ್ನು ಸಂಸ್ಕರಿಸುವ ಸಾಧನ ಯಾರ ಹತೋಟಿಯಲ್ಲಿರಬೇಕು ಎಂಬ ಪ್ರಶ್ನೆ ಈ ವಿವಾದದಲ್ಲಿ ಮೊದಲ ಬಾರಿಗೆ ಸ್ಪಷ್ಟವಾಗಿ ಎದ್ದಿತು.

ಕೊನೆಯ ವರ್ಷಗಳು

ಆರೋಗ್ಯ ಕ್ಷೀಣಿಸುತ್ತಿದ್ದ ಕಾಲದಲ್ಲಿ, 1911ರಲ್ಲಿ ಹೊಲೆರಿತ್ ಅವರು ಕಂಪನಿಯ ಮಾರಾಟಕ್ಕೆ ಒಪ್ಪಿದರು. ಹಣಕಾಸು ವ್ಯವಹಾರದ ಚಾರ್ಲ್ಸ್ ಫ್ಲಿಂಟ್ ಅವರು ಅದನ್ನು ಕಾಲಮಾಪಕ ಗಡಿಯಾರ ಮತ್ತು ತಕ್ಕಡಿಗಳನ್ನು ತಯಾರಿಸುವ ಕಂಪನಿಗಳೊಡನೆ ಸೇರಿಸಿ ಕಂಪ್ಯೂಟಿಂಗ್–ಟ್ಯಾಬ್ಯುಲೇಟಿಂಗ್–ರೆಕಾರ್ಡಿಂಗ್ ಕಂಪನಿಯನ್ನು ರಚಿಸಿದರು. ಮಾರಾಟದ ಮೊತ್ತ ಸುಮಾರು 23 ಲಕ್ಷ ಡಾಲರ್. ಹೊಲೆರಿತ್ ಅವರ ಪಾಲು ಸುಮಾರು 12 ಲಕ್ಷ ಡಾಲರ್. ಅವರು 1921ರವರೆಗೆ ಹೊಸ ಕಂಪನಿಯ ಸಲಹಾ ಎಂಜಿನಿಯರ್ ಆಗಿದ್ದರು. 1914ರಲ್ಲಿ ಆಡಳಿತವನ್ನು ವಹಿಸಿಕೊಂಡ ಥಾಮಸ್ ವಾಟ್ಸನ್ ಅವರ ಕಾಲದಲ್ಲಿ ಫಲಿತಾಂಶವನ್ನು ತಾನೇ ಮುದ್ರಿಸುವ ಯಂತ್ರಗಳು ಬಂದವು. ಪವರ್ಸ್ ಯಂತ್ರಗಳಲ್ಲಿ ಆಗಲೇ ಇದ್ದ ಈ ಸೌಲಭ್ಯವನ್ನು ಹೊಲೆರಿತ್ ಅವರು ತಮ್ಮ ಯಂತ್ರಗಳಿಗೆ ಅಳವಡಿಸಿರಲಿಲ್ಲ. 1924ರಲ್ಲಿ ಕಂಪನಿಗೆ ಇಂಟರ್‌ನ್ಯಾಷನಲ್ ಬಿಸಿನೆಸ್ ಮಷೀನ್ಸ್, ಅಂದರೆ ಐಬಿಎಂ ಎಂಬ ಹೆಸರು ಬಂದಿತು.

ನಿವೃತ್ತಿಯ ದಿನಗಳಲ್ಲಿ ಅವರು ಮೇರಿಲ್ಯಾಂಡಿನ ತಮ್ಮ ಜಮೀನಿನಲ್ಲಿ ಗರ್ನ್‌ಸಿ ತಳಿಯ ಹಸುಗಳನ್ನು ಸಾಕಿದರು. 1929ರ ನವೆಂಬರ್ 17ರಂದು ವಾಷಿಂಗ್ಟನ್ನಿನಲ್ಲಿ ಹೃದಯಾಘಾತದಿಂದ ನಿಧನರಾದರು. ಜಾರ್ಜ್‌ಟೌನ್ ಪ್ರದೇಶದ ಓಕ್ ಹಿಲ್ ಸ್ಮಶಾನದಲ್ಲಿ ಅವರ ಸಮಾಧಿಯಿದೆ.

ಪ್ರಭಾವ ಮತ್ತು ಮೌಲ್ಯಮಾಪನ

ಹೊಲೆರಿತ್ ರೂಪಿಸಿದ ಮೂಲತತ್ತ್ವ ಅವರ ಬಳಿಕ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಬಾಳಿತು. 1928ರಲ್ಲಿ ಐಬಿಎಂ ತಂದ 80 ಕಂಬಸಾಲುಗಳ ಕಾರ್ಡು ಗಣಕಯುಗದಲ್ಲಿಯೂ ಮಾಹಿತಿಯನ್ನು ಊಡಿಸುವ ಮುಖ್ಯ ಸಾಧನವಾಗಿತ್ತು. ಮುಂದೆ ಗಣಕದ ಪರದೆಗಳಲ್ಲಿ ಸಾಲಿಗೆ 80 ಅಕ್ಷರಗಳನ್ನು ತೋರಿಸುವ ಪದ್ಧತಿ ಇದರಿಂದಲೇ ಬಂದಿತು. ಫೋರ್ಟ್ರಾನ್ ಭಾಷೆಯಲ್ಲಿ ಅಕ್ಷರಗಳನ್ನು ಸೂಚಿಸುತ್ತಿದ್ದ ಒಂದು ಬಗೆಯ ಸ್ಥಿರಾಂಕಕ್ಕೆ ಹೊಲೆರಿತ್ ಅವರ ಹೆಸರನ್ನೇ ಇಡಲಾಗಿತ್ತು. ಪ್ರತಿ ವ್ಯಕ್ತಿಗೆ ಒಂದು ದಾಖಲೆ, ದಾಖಲೆಯಲ್ಲಿ ಪ್ರತಿ ಗುಣಕ್ಕೆ ನಿಗದಿತ ಸ್ಥಾನ ಎಂಬ ಅವರ ವಿನ್ಯಾಸ ಇಂದಿನ ದತ್ತಸಂಚಯಗಳ ಸಾಲು ಮತ್ತು ಅಂಕಣಗಳಲ್ಲಿಯೂ ಗೋಚರಿಸುತ್ತದೆ.

ಈ ಪರಂಪರೆಗೆ ಕರಾಳ ಮುಖವೂ ಇದೆ. ಜರ್ಮನಿಯ ಡೆಹೊಮಾಗ್ ಸಂಸ್ಥೆಯಲ್ಲಿ 1920ರ ದಶಕದ ಆರಂಭದಿಂದ ಅಮೆರಿಕದ ಕಂಪನಿಗೆ ಬಹುಪಾಲು ಒಡೆತನವಿತ್ತು. ನಾಜಿ ಆಡಳಿತದ 1933ರ ಗಣತಿಯನ್ನು ಈ ಸಂಸ್ಥೆ ಹೊಲೆರಿತ್ ಯಂತ್ರಗಳಿಂದ ಸಂಸ್ಕರಿಸಿತು. ಮತ, ಮೂಲ ಮೊದಲಾದ ಲಕ್ಷಣಗಳ ಆಧಾರದ ಮೇಲೆ ಜನರನ್ನು ವಿಂಗಡಿಸುವಲ್ಲಿ, ಯಹೂದ್ಯರ ಮೇಲಿನ ದೌರ್ಜನ್ಯದಲ್ಲಿ ಈ ಯಂತ್ರಗಳ ಪಾತ್ರವೆಷ್ಟು ಎಂಬ ಬಗ್ಗೆ, ವಿಶೇಷವಾಗಿ 2001ರಲ್ಲಿ ಎಡ್ವಿನ್ ಬ್ಲ್ಯಾಕ್ ಅವರ ಗ್ರಂಥ ಪ್ರಕಟವಾದ ಬಳಿಕ, ಇತಿಹಾಸಕಾರರಲ್ಲಿ ತೀವ್ರ ಚರ್ಚೆ ನಡೆದಿದೆ. ಆ ವೇಳೆಗೆ ಹೊಲೆರಿತ್ ಅವರು ತೀರಿಕೊಂಡಿದ್ದರು. ಆದರೂ ಆರೋಗ್ಯದ ಅಂಕಿಅಂಶವನ್ನು ವಿಂಗಡಿಸಲು ಹುಟ್ಟಿದ ಸಾಧನವು ಜನರನ್ನು ಗುರುತಿಸಿ ಬೇರ್ಪಡಿಸುವ ಸಾಧನವೂ ಆಗಬಲ್ಲುದೆಂಬ ಎಚ್ಚರಿಕೆಯ ಉದಾಹರಣೆಯಾಗಿ ಈ ಪ್ರಕರಣವನ್ನು ದತ್ತಾಂಶ ಮತ್ತು ಖಾಸಗಿತನದ ಚರ್ಚೆಗಳಲ್ಲಿ ಇಂದಿಗೂ ಸ್ಮರಿಸಲಾಗುತ್ತದೆ.

ಜೀವಿತಕಾಲದ ಕೊನೆಯಲ್ಲಿ ಬಹುಮಟ್ಟಿಗೆ ಮರೆವಿಗೆ ಸಂದಿದ್ದ ಹೊಲೆರಿತ್ ಅವರ ವಿಸ್ತೃತ ಜೀವನಚರಿತ್ರೆಯನ್ನು ಜೆಫ್ರಿ ಆಸ್ಟ್ರಿಯನ್ ಅವರು 1982ರಲ್ಲಿ ಪ್ರಕಟಿಸಿದರು. 1990ರಲ್ಲಿ ಅಮೆರಿಕದ ರಾಷ್ಟ್ರೀಯ ಆವಿಷ್ಕಾರಕರ ಗೌರವ ಪಟ್ಟಿಯಲ್ಲಿ ಅವರ ಹೆಸರನ್ನು ಸೇರಿಸಲಾಯಿತು.